ಕಾವಲಿನ ತಪಾಸಣೆಗೆ ಹೊರಟ ಸಾಹೇಬರಿಗೆ

ಹುಲ್ಲುಗಾವಲಿನ ಆರೋಗ್ಯ ನೋಡಿ ವರದಿ ಕೊಡಿ ಎಂದು ಮೇಲಿನಿಂದ ಕಾಗದ ಬಂತೇ ಸಾಹೇಬರೇ? ಗಾಬರಿ ಬೇಡ. ಮೊದಲು ತಾರೀಖು ಗೊತ್ತು ಮಾಡಿ. ಏಪ್ರಿಲ್ ಪ್ರಶಸ್ತ. ಮುಂಗಾರು ಮುಗಿಯುವ ಹೊತ್ತಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋದಿರೋ, ಹುಲ್ಲೆಲ್ಲ ತೆನೆ ಬಿಟ್ಟು ನಿಂತಿರುತ್ತದೆ. ತೆನೆ ಇದ್ದರೆ ಯಾವ ಹುಲ್ಲು ಯಾವುದೆಂದು ಗೊತ್ತಾಗುತ್ತದೆ, ಗೊತ್ತಾದರೆ ಬರೆಯಬೇಕಾಗುತ್ತದೆ. ಏಪ್ರಿಲಿನಲ್ಲಿ ಆ ತಾಪತ್ರಯವಿಲ್ಲ, ನೆಲವೆಲ್ಲ ಕಂದು. ‘ಬಂಜರು’ ಎಂದು ಬರೆದರೆ ಮುಗಿಯಿತು. ಬೇರು ಇನ್ನೂ ಜೀವಂತ ಇದೆ, ಮಳೆ ಬಿದ್ದರೆ ಚಿಗುರುತ್ತದೆ ಎಂದು ಕುರಿ ಕಾಯುವವನು ಹೇಳಿಯಾನು. ಅವನ ಮಾತಿಗೆ ನಮೂನೆಯಲ್ಲಿ ಕಾಲಂ ಇಲ್ಲ.

ಕೆಲಸವಿಲ್ಲದ ಕೆಲವರು 50 ಮೀಟರ್ ಟೇಪು ಎಳೆದು, ಅರ್ಧ ಮೀಟರಿಗೊಂದು ಕಡ್ಡಿ ಊರಿ, ತುದಿ ಮುಟ್ಟಿದ್ದು ಹುಲ್ಲೋ ತರಗೋ ಬರಿ ಮಣ್ಣೋ ಮುಳ್ಳುಗಿಡವೋ ಎಂದು ಗುರುತು ಹಾಕಿಕೊಳ್ಳುತ್ತಾರೆ. ಒಂದು ಟೇಪಿಗೆ 100 ಗುರುತು. ಬರಿ ಮಣ್ಣು 35 ಸಲ ಬಂದರೆ ಶೇ. 35. ಲೆಕ್ಕ ಮಗುವಿಗೂ ಬರುತ್ತದೆ, ಆದರೆ ನೂರು ಸಲ ಸೊಂಟ ಬಗ್ಗಿಸಬೇಕು. ಆಮೇಲೆ ಒಂದು ಮೀಟರ್ ಚೌಕಟ್ಟು ಇಟ್ಟು ಹುಲ್ಲಿನ ಬುಡ ಎಣಿಸುವುದು ಬೇರೆ. ಎಳೆದರೆ ಸಲೀಸಾಗಿ ಕಿತ್ತುಬರುವುದು ಸಾಮಾನ್ಯವಾಗಿ ಒಂದು ವರ್ಷದ ಹುಲ್ಲು. ಕೈಗೆ ಗಾಯ ಮಾಡಿಯೂ ಬಾರದ್ದು ಹಲವು ವರ್ಷ ಬಾಳುವ ಹುಲ್ಲು. ಮೇಯಿಸುವುದು ಅತಿಯಾದ ಕಡೆ ಮೊದಲು ಸಾಯುವುದು ಈ ಎರಡನೆಯದೇ. ಅದರ ಜಾಗಕ್ಕೆ ವರ್ಷದ ಹುಲ್ಲು, ಅದರ ಹಿಂದೆ ದನ ಬಾಯಿ ಹಾಕದ ತಂಗಡಿ, ಕೊನೆಗೆ ಕಾಂಗ್ರೆಸ್ ಗಿಡ. ಜೀಪಿನಿಂದ ನೋಡಿದರೆ ಮೂರೂ ಹಸಿರೇ. ಆದ್ದರಿಂದ ಜೀಪಿನಿಂದ ಇಳಿಯಬೇಡಿ.

ಇಳಿಯಲೇಬೇಕಾಗಿ ಬಂದರೆ ನೀರಿಂಗುವ ಪರೀಕ್ಷೆ ಮಾಡಿ, ಫೋಟೋಗೆ ಚೆನ್ನಾಗಿರುತ್ತದೆ. 15 ಸೆಂ.ಮೀ. ಅಗಲದ ಪೈಪಿನ ತುಂಡನ್ನು ಏಳೆಂಟು ಸೆಂ.ಮೀ. ನೆಲಕ್ಕೆ ಹೊಡೆದು, 450 ಮಿ.ಲೀ. ನೀರು ಹುಯ್ಯುವುದು. ಮೊದಲ ಸಲದ್ದು ಮಣ್ಣು ನೆನೆಸಲಿಕ್ಕೆ. ಎರಡನೆಯ ಸಲ ಅಷ್ಟೇ ನೀರು ಹುಯ್ದು ಗಡಿಯಾರ ನೋಡಬೇಕು. ಗೊರಸು ತುಳಿದು ಗಟ್ಟಿಯಾದ ನೆಲದಲ್ಲಿ ನೀರು ಕದಲುವುದೇ ಇಲ್ಲ. ಆದರೆ ಪೈಪಿನ ಒಳ ಅಂಚಿನ ಮಣ್ಣನ್ನು ಬೆರಳಿನಿಂದ ಒತ್ತದೆ ಬಿಟ್ಟರೆ ನೀರು ಸಂದಿಯಲ್ಲಿ ಸೋರಿ, ಬಂಡೆಯಂಥ ನೆಲವೂ ನಿಮಿಷದಲ್ಲಿ ಆರೋಗ್ಯವಂತ. ಇದು ತಪ್ಪು ಎಂದು ಕೈಪಿಡಿಗಳು ಹೇಳುತ್ತವೆ. ಗುರಿ ಮುಟ್ಟಬೇಕಾದವರು ಇದನ್ನು ಅನುಕೂಲ ಎನ್ನಬಹುದು. ಹುಲ್ಲು ಕೊಯ್ದು ತೂಗುವಾಗಲೂ ಹಾಗೆಯೇ: 60–70 ಡಿಗ್ರಿಯಲ್ಲಿ ಎರಡು ದಿನ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆ ಬರೆಯಬೇಕು. ಮಳೆ ನಿಂತ ಮಧ್ಯಾಹ್ನವೇ ಕೊಯ್ದು ಹಸಿಯಾಗಿ ತೂಗಿದರೆ ಇಳುವರಿ ತಾನೇ ಏರುತ್ತದೆ.

ಇದೆಲ್ಲ ಯಾಕೆ, ಉಪಗ್ರಹ ಇದೆಯಲ್ಲ ಎನ್ನುತ್ತೀರಿ. ಸರಿಯೇ. ಬೇಸಿಗೆಯ ಚಿತ್ರದಲ್ಲಿ ಒಣ ಹುಲ್ಲು ಕಂದಾಗಿ ಕಾಣುತ್ತದೆ, ಬಳ್ಳಾರಿ ಜಾಲಿ ಪಚ್ಚೆಯಾಗಿ. ನಮ್ಮ ಅರಣ್ಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗವನ್ನು ಮರಗಳ ಮೇಲ್ಚಪ್ಪರ ಶೇ. 10 ಮುಚ್ಚಿದ್ದರೆ ಸಾಕು, ಅದು ಕಾಡು; ಮರದ ಜಾತಿ ಕೇಳುವುದಿಲ್ಲ. ಹೀಗಾಗಿ ಜಾಲಿ ನುಗ್ಗಿ ಹುಲ್ಲು ಸತ್ತ ಕಾವಲಿಗೆ ‘ವಿರಳ ಅರಣ್ಯ’ ಎಂದು ಬಡ್ತಿ. ಜಾಲಿಯಿಲ್ಲದೆ ಗಟ್ಟಿಮುಟ್ಟಾಗಿ ಉಳಿದ ಪಕ್ಕದ ಕಾವಲು ಮಾತ್ರ ಪಾಳು ಭೂಮಿಯ ಪಟ್ಟಿಯಲ್ಲೇ. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಕಟ್ಟಿ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ ಕಾಲದಲ್ಲಿ ಹುಲ್ಲೆಂದರೆ ದಂಡಿನ ಎತ್ತಿಗೆ ಮೇವು. ಪಾಪ, ಅವರಿಗೆ ಪಾಳು ಭೂಮಿ ಯಾವುದೆಂದು ತಿಳಿದಿರಲಿಲ್ಲ.

ಚಿಕಿತ್ಸೆಯೂ ಸಿದ್ಧವಾಗಿದೆ. ಮರ ಬೆಳೆಸಿದವರಿಗೆ ಅಂಕ ಕೊಡುವ ಕೇಂದ್ರ ಸರ್ಕಾರದ ಹಸಿರು ಕ್ರೆಡಿಟ್ ಯೋಜನೆಯ 2024ರ ವಿಧಾನದಲ್ಲಿ, ಕುರುಚಲು ಮತ್ತು ಪಾಳು ಭೂಮಿಯೂ ಸೇರಿದ ‘ಹಾಳಾದ ಜಾಗ’ಗಳಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಮರ, ಮರಕ್ಕೊಂದು ಕ್ರೆಡಿಟ್. 2025ರ ತಿದ್ದುಪಡಿಯಲ್ಲಿ ಐದು ವರ್ಷವಾದ ಮೇಲೆ ಮೇಲ್ಚಪ್ಪರ ಕನಿಷ್ಠ ಶೇ. 40. ಹೆಕ್ಟೇರಿಗೆ 1,100 ಅಂದರೆ ಸುಮಾರು ಮೂರು ಮೀಟರಿಗೊಂದು ಮರ. ತೋಳ ಕಂಡರೆ ಬಯಲಿಗೆ ಓಡಿ ಬದುಕುವ ಕೃಷ್ಣಮೃಗಕ್ಕೆ ಮೂರು ಮೀಟರಿಗೊಮ್ಮೆ ತಿರುವು ತೆಗೆದುಕೊಳ್ಳುವ ತರಬೇತಿ ಕೊಡಬೇಕಾದೀತು. ಅದಕ್ಕೆಂದೇ 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲಿ ನೀಲಗಿರಿ ತೋಪಿನ ಪಾಠ ಆಗಿಯೇ ಇದೆ. ಬಯಲ ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಎರೆಭೂತ ಹಕ್ಕಿಗೆ ಏನು ಪಾಠವೋ, ಹಾಜರಿ ಕೂಗಿದರೆ ಓಗೊಡಲು ಹೆಚ್ಚು ಉಳಿದಿಲ್ಲ.

ಇನ್ನೊಂದು ಎಚ್ಚರ. ಜೆಸಿಬಿ ಬಂದು ಕಂದಕ ತೋಡಿ ಹಳೆಯ ಬುಡಗಳನ್ನು ಮಗುಚಿದರೂ, ಸಸಿ ಕಾಯಲು ಸುತ್ತ ಬೇಲಿ ಹಾಕುತ್ತೀರಲ್ಲ, ಅದೇ ಅಪಾಯ. ಕುರಿ ದನ ಬರದೆ ಒಂದೆರಡು ಮಳೆ ಬಿದ್ದರೆ ಸಾಲುಗಳ ನಡುವೆ ಹುಲ್ಲು ಮೊಣಕಾಲೆತ್ತರ ಎದ್ದು ನಿಲ್ಲುತ್ತದೆ. ನೆಲಗುಬ್ಬಿ ಗೂಡು ಕಟ್ಟಲೂ ಶುರುಮಾಡೀತು. ಆಗ ತಪಾಸಣೆಗೆ ಯಾರಾದರೂ ಬಂದರೆ ಮುಜುಗರ. ಕೂಲಿಯವರನ್ನು ಕರೆಸಿ ಸಸಿಯ ಸುತ್ತ ಅಷ್ಟನ್ನೂ ಕೀಳಿಸಿ ಬಿಡಿ. ಬಿಲ್ಲಿಗೆ ಬಾಬ್ತು ಇದೆ: ‘ಕಳೆ ತೆಗೆಸಿದ್ದು’.