ಕೃಷಿ ಓದಿದವರಿಗೆ ಆಹಾರದ ಕಡೆಯೂ ಕೆಲಸ ಇದೆ

ಬಿಎಸ್ಸಿ ಕೃಷಿ ಓದಿದರೆ ಕೃಷಿ ಅಧಿಕಾರಿ, ಇಲ್ಲವೇ ಬ್ಯಾಂಕ್ ಕೆಲಸ ಅಂತ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ ಸರ್. ಆಹಾರದ ಕಡೆ ಇರುವ ದಾರಿ ಹಳ್ಳಿ ಮಕ್ಕಳಿಗೆ ಗೊತ್ತೇ ಆಗುತ್ತಿಲ್ಲ.

ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) 1950ರಿಂದ ಇದೆ. ಅಲ್ಲಿ ಎಂಎಸ್ಸಿ ಫುಡ್ ಟೆಕ್ನಾಲಜಿ ಓದಬಹುದು. ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರಿಕೊಳ್ಳಬಹುದು, ಆಗ ರಫ್ತಿಗೆ ಹೋದ ಸರಕು ವಾಪಸ್ ಬರುತ್ತದೆ. ಅದನ್ನು ಪರೀಕ್ಷೆ ಮಾಡುವವರು, ರಾಗಿ ಹಿಟ್ಟು ಮುಗ್ಗಲು ಬರದಂತೆ ಪ್ಯಾಕ್ ಮಾಡುವುದು ಹೇಗೆ ಅಂತ ನೋಡುವವರು, ಇವರೆಲ್ಲ ಬೇಕು ಅಲ್ವಾ? ಹೊಲದಲ್ಲಿ ಬೆಳೆದ ಮಕ್ಕಳಿಗೆ ಈ ಕೆಲಸ ಬೇಗ ಅರ್ಥವಾಗುತ್ತದೆ.

ಧಾರವಾಡ ಕೃಷಿ ವಿವಿಯ ಸಮುದಾಯ ವಿಜ್ಞಾನ (ಹಿಂದಿನ ಗೃಹ ವಿಜ್ಞಾನ) ಪದವಿಯನ್ನು ಸುಮ್ನೆ ಅಡುಗೆ ಕೋರ್ಸು ಅಂತ ಜನ ತಳ್ಳಿಹಾಕುತ್ತಾರೆ. ನನಗೆ ತುಂಬಾ ಬೇಸರವಾಗುತ್ತದೆ. ಪೌಷ್ಟಿಕತೆ ಅದರ ದೊಡ್ಡ ಭಾಗ. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಊಟ ತೀರ್ಮಾನಿಸುವ ಡಯಟಿಷಿಯನ್ ಆಗೋಕೆ ಅಲ್ಲಿಂದಲೂ ದಾರಿ ಇದೆ.

ಇನ್ನೊಂದು ಮಾತು. ಕೃಷಿ ಪದವಿಗೆ ಸೇರುವಾಗ ಸಿಇಟಿಯಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಎಸ್ಸೆಸ್ಸೆಲ್ಸಿ ಆದವರಿಗೆ ಕನ್ನಡದಲ್ಲೇ ಕೃಷಿ ಡಿಪ್ಲೊಮಾ ಇದೆ. ದಯವಿಟ್ಟು ಇವನ್ನೂ ಲೇಖನಕ್ಕೆ ಸೇರಿಸಿ.