300 ಹರ್ಟ್ಸ್ ಜಾರಿದ ಗಂಟಲು

ನನ್ನ ಗಂಟಲಿಗೆ ಏನೂ ಆಗಿಲ್ಲ. ಜೋರಾಗಿ ಮಾತಾಡ್ತೀಯ ಅನ್ನುವ ದೂರಿದೆಯೇ ಹೊರತು, ಅರ್ಥ ಆಗಲ್ಲ ಅಂತ ಎದುರಿಗೆ ಕೂತವರು ಯಾರೂ ಅಂದಿಲ್ಲ. ಆದರೆ ಸಿಬಿ (ಜನಸಾಮಾನ್ಯರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ) ರೇಡಿಯೋದಲ್ಲಿ ಸೈಡ್‌ಬ್ಯಾಂಡ್ ಎಂಬ ವಿಧಾನಕ್ಕೆ ಹಾಕಿ ಮೈಕ್ ಒತ್ತಿದರೆ ಸಾಕು, ನಾನು ಬಾತುಕೋಳಿ. ಅರ್ಧ ಗಂಟೆ ಕಳೆದ ಮೇಲೆ ಅದೇ ನಾನು ಬಾವಿಯೊಳಗಿನ ಭೂತ.

ಹಾಗಂತ ಹೇಳಿದವರು ನಮ್ಮ ಗುಂಪಿನ ಹಿರಿಯರು. ದಿನಾ ರಾತ್ರಿ ಮಾತಾಡುವವರು ನಾವು ಮೂರೇ ಜನ. ನಾನು, ನನ್ನ ಗೆಳೆಯ, ಈ ಹಿರಿಯರು. "ನಿಮ್ಮಿಬ್ಬರ ಮಾತು ಹಿಡಿಯೋಕೆ ಕ್ಲಾರಿಫೈಯರ್ ತಿರುಗಿಸಿ ತಿರುಗಿಸಿ ಬೆರಳು ಸವೆದುಹೋಯ್ತಪ್ಪಾ" ಅಂತ ಅವರ ಗೋಳು. ಕೇಳುವ ದನಿಯನ್ನು ಸರಿಹೊಂದಿಸುವ ಗುಂಡಿ ಅದು. ನನಗೂ ಗೆಳೆಯನಿಗೂ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ಸ್ಫಟಿಕದಂತೆ ಕೇಳುತ್ತಿತ್ತು. ಹಾಗಾಗಿ ಎರಡು ಮತಕ್ಕೆ ಒಂದು ಮತದ ಅಂತರದಲ್ಲಿ, ಹಿರಿಯರ ರೇಡಿಯೋನೇ ಕೆಟ್ಟಿದೆ ಎಂದು ತೀರ್ಮಾನವಾಯಿತು.

ಎಎಂ ಎಂಬ ಇನ್ನೊಂದು ವಿಧಾನವಾಗಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಅಲ್ಲಿ ಮಾತಿನ ಜೊತೆಗೇ ಕ್ಯಾರಿಯರ್, ಅಂದರೆ ಮಾತನ್ನು ಹೊರುವ ಮೂಲ ಅಲೆ, ಹೋಗುತ್ತದೆ. ಫ್ರೀಕ್ವೆನ್ಸಿ ಒಂದಿಷ್ಟು ಜಾರಿದರೂ ಕೇಳುವವರಿಗೆ ಗೊತ್ತಾಗಲ್ಲ. ಸೈಡ್‌ಬ್ಯಾಂಡ್‌ನಲ್ಲಿ ಕ್ಯಾರಿಯರನ್ನು ಮನೆಯಲ್ಲೇ ಬಿಟ್ಟು ಮಾತನ್ನಷ್ಟೇ ಕಳಿಸುತ್ತೇವೆ. ಕೇಳುವ ರೇಡಿಯೋ ತನ್ನದೇ ಕ್ಯಾರಿಯರ್ ಸೇರಿಸಿಕೊಳ್ಳಬೇಕು. ಅದು ನನ್ನದಕ್ಕೆ ಸರಿಹೊಂದದಿದ್ದರೆ ಪ್ರತಿ ಸ್ವರವೂ ಅಷ್ಟಷ್ಟೇ ಹರ್ಟ್ಸ್ ಪಕ್ಕಕ್ಕೆ ಸರಿಯುತ್ತದೆ. 100, 200, 300 ಇದ್ದದ್ದು 300, 400, 500 ಆಗುತ್ತದೆ. ಒಂದಕ್ಕೆರಡು, ಒಂದಕ್ಕೆಮೂರು ಎನ್ನುವ ಸಂಬಂಧವೇ ಕಡಿದುಹೋಗಿ ಮನುಷ್ಯ ಬಾತುಕೋಳಿಯಾಗುತ್ತಾನೆ. ನನ್ನ ಕ್ಲಾರಿಫೈಯರ್ ತಿರುಗಿಸಿಯೂ ಉಪಯೋಗವಿಲ್ಲ. ನನ್ನ ಸೆಟ್ಟಿನಲ್ಲಿ ಅದು ಕೇಳುವುದನ್ನು ಮಾತ್ರ ಸರಿಮಾಡುತ್ತದೆ, ಕಳಿಸುವುದನ್ನಲ್ಲ.

ಹಿರಿಯರನ್ನು ಸುಮ್ಮನಾಗಿಸಲೆಂದೇ ಅಲೆ ಎಷ್ಟು ಹರ್ಟ್ಸ್ ಎಂದು ಅಳೆಯುವ ಫ್ರೀಕ್ವೆನ್ಸಿ ಕೌಂಟರ್ ಒಂದನ್ನು ಎರವಲು ತಂದೆ. ರೇಡಿಯೋಗೆ ಜೋಡಿಸಿ ಮೈಕ್ ಒತ್ತಿದೆ. ಸೊನ್ನೆ. ಮತ್ತೆ ಒತ್ತಿದೆ. ಸೊನ್ನೆ. ಕೌಂಟರ್ ಕೊಟ್ಟವನನ್ನು ಮನಸ್ಸಿನಲ್ಲೇ ಬೈದು ಮುಗಿಸುವ ಹೊತ್ತಿಗೆ ಹೊಳೆಯಿತು. ಕ್ಯಾರಿಯರ್ ಇಲ್ಲವಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಏನು ತಾನೇ ಹೊರಗೆ ಹೋಗಬೇಕು?

ಸರಿ, ಶಿಳ್ಳೆ ಹೊಡೆದೆ. ಅಂಕಿಗಳು ಬಂದವು. ಆದರೆ ಕುಣಿಯುತ್ತಿದ್ದವು. ಚಾನೆಲ್‌ನ ಫ್ರೀಕ್ವೆನ್ಸಿಗಿಂತ 1,480, 1,530, 1,420 ಹರ್ಟ್ಸ್ ಮೇಲೆ. ಉಸಿರು ಕಡಿಮೆಯಾದಂತೆ ಕೆಳಗೆ, ಎಳೆದುಕೊಂಡ ಮೇಲೆ ಮೇಲಕ್ಕೆ. ಹತ್ತು ನಿಮಿಷ ನಾನು ಅಳೆದದ್ದು ರೇಡಿಯೋವನ್ನಲ್ಲ, ನನ್ನ ಶ್ವಾಸಕೋಶವನ್ನು. "ರೀ, ಈ ಹೊತ್ತಲ್ಲಿ ಯಾರಿಗೆ ಶಿಳ್ಳೆ?" ಎಂದು ಒಳಗಿನಿಂದ ಹೆಂಡತಿ ಕೇಳಿದಳು. "ಅಳತೆ ನಡೀತಿದೆ" ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಅಷ್ಟರಲ್ಲಿ ಸ್ಪೀಕರ್‌ನಿಂದ ಯಾರೋ ಅಪರಿಚಿತರು, "ಹೇಳಿ ಸ್ವಾಮಿ, ಕೇಳ್ತಾ ಇದೀನಿ" ಎಂದರು. ಆಂಟೆನಾ ಬಿಚ್ಚಿ, ಅಲೆ ಹೊರಗೆ ಹೋಗದಂತೆ ನುಂಗುವ 50 ಓಮ್‌ನ ಡಮ್ಮಿ ಲೋಡ್ ಹಾಕಬೇಕಿತ್ತು. ಮರೆತಿದ್ದೆ.

ಮಾರನೇ ದಿನ ಬುದ್ಧಿವಂತನಾದೆ. ಡಮ್ಮಿ ಲೋಡ್ ಹಾಕಿ, ಮೊಬೈಲ್‌ನಿಂದ 1,000 ಹರ್ಟ್ಸ್ ದನಿ ಬರಿಸಿ ಮೈಕಿಗೆ ಹಿಡಿದೆ. ಬಂದ ಅಂಕಿಯಲ್ಲಿ ಸಾವಿರ ಕಳೆದರೆ ಕಾಣದ ಕ್ಯಾರಿಯರ್ ಎಲ್ಲಿದೆ ಅನ್ನುವ ಉತ್ತರ. ಕೌಂಟರ್ ಒಳಗೂ ಒಂದು ಕ್ರಿಸ್ಟಲ್ (ಫ್ರೀಕ್ವೆನ್ಸಿಗೆ ತಾಳ ಹಾಕುವ ಹರಳು) ಇರುತ್ತದೆ, ಅದೂ ಬಿಸಿಯಾಗುವವರೆಗೆ ಜಾರುತ್ತದೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಅದನ್ನು ಒಂದು ಗಂಟೆ ಮೊದಲೇ ಆನ್ ಮಾಡಿಟ್ಟೆ. ತಕ್ಕಡಿಯೇ ತೂಗಾಡಿದರೆ ಯಾರನ್ನು ನಂಬುವುದು?

ಅರ್ಧ ಗಂಟೆಯಲ್ಲಿ ನನ್ನ ರೇಡಿಯೋ 310 ಹರ್ಟ್ಸ್ ಕೆಳಗಿಳಿದಿತ್ತು. 27 ಮೆಗಾಹರ್ಟ್ಸ್‌ನಲ್ಲಿ ಅದು ಹತ್ತು ಲಕ್ಷಕ್ಕೆ ಬರೀ 11 ಭಾಗ. ಕೇಳೋಕೆ ಚಿಕ್ಕದು. ಆದರೆ ಬಾತುಕೋಳಿ ಭೂತವಾಗಲು ಅಷ್ಟು ಧಾರಾಳವಾಗಿ ಸಾಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಿರಿಯರ ರೇಡಿಯೋ ಡೊಂಕು ಅಂದಿದ್ದೆ.

ಮುಚ್ಚಳ ಬಿಚ್ಚಿದೆ. ಬಿಚ್ಚಿದ್ದೇ ತಡ, ಗಾಳಿಯಾಡಿ ಫ್ರೀಕ್ವೆನ್ಸಿ ಬೇರೆಯಾಯಿತು. ತಂಪಾಗಿರಲಿ ಎಂದು ಟೇಬಲ್ ಫ್ಯಾನ್ ಇಟ್ಟೆ. ಫ್ಯಾನ್ ಈಚೆ ತಿರುಗಿದಾಗ ಅಂಕಿ ಮೇಲೆ, ಆಚೆ ತಿರುಗಿದಾಗ ಕೆಳಗೆ. ಜಾರುವ ದನಿ ಈಗ ಉಯ್ಯಾಲೆಯಾಡತೊಡಗಿತು. ಬಿಸಿ ಇರುವುದು ತೊಂದರೆಯಲ್ಲ, ಬಿಸಿ ಬದಲಾಗುವುದು ತೊಂದರೆ.

ತಪ್ಪಿತಸ್ಥ ಯಾರೆಂದು ಹುಡುಕಲು ಹೆಂಡತಿಯ ಹೇರ್ ಡ್ರೈಯರ್ ತಂದೆ. ಅದು ಇಡೀ ಬೋರ್ಡನ್ನೇ ಬಿಸಿ ಮಾಡಿತು. ಎಲ್ಲರೂ ತಪ್ಪಿತಸ್ಥರೇ. ಕೊನೆಗೆ ಸಣ್ಣ ಕೊಳವೆಯಿರುವ ಕೂಲಿಂಗ್ ಸ್ಪ್ರೇ ಹಿಡಿದು ಒಂದೊಂದೇ ಭಾಗಕ್ಕೆ ಚಿಮುಕಿಸಿದೆ. 10.240 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ತಾಗಿದಾಗ ಅಂಕಿ ಒಂದು ಹೆಜ್ಜೆ ಸರಿಯಿತು. ಪಕ್ಕದಲ್ಲಿದ್ದ ಕಾಳಿನಷ್ಟು ದಪ್ಪದ ಸೆರಾಮಿಕ್ ಕೆಪಾಸಿಟರ್‌ಗೆ ತಾಗಿದಾಗ ಹಾರಿಯೇ ಹೋಯಿತು. ಅದರ ಮಗ್ಗುಲಲ್ಲೇ ವೋಲ್ಟೇಜ್ ರೆಗ್ಯುಲೇಟರ್, ಬೆರಳಿಟ್ಟರೆ ಚುರ್ ಅನ್ನುವಷ್ಟು ಬಿಸಿ. ಚಳಿಯಾದವನಂತೆ ಕ್ರಿಸ್ಟಲ್ ಅದರ ಪಕ್ಕ ಮೈ ಕಾಯಿಸಿಕೊಂಡು ಕೂತಿತ್ತು.

ರೆಗ್ಯುಲೇಟರನ್ನು ಕಿತ್ತು, ಚಿಕ್ಕ ತಂತಿ ಎಳೆದು, ಇನ್ಸುಲೇಶನ್ ಹಾಳೆ ಕೊಟ್ಟು ಹಿಂಬದಿಯ ಲೋಹಕ್ಕೆ ಬಿಗಿದೆ. ಕೆಪಾಸಿಟರ್ ಜಾಗಕ್ಕೆ ಅದೇ ಅಳತೆಯ, ಎನ್‌ಪಿ0 ಎಂಬ ಜಾತಿಯ ಕೆಪಾಸಿಟರ್ ಹಾಕಿದೆ. ಅದು ಬಿಸಿಗೆ ಅಷ್ಟಾಗಿ ಬಗ್ಗುವುದಿಲ್ಲ. ಕ್ರಿಸ್ಟಲ್‌ಗೆ ಥರ್ಮೋಕೋಲ್ ಟೋಪಿ ಕೆತ್ತಿ, ಗಟ್ಟಿಯಾಗಿ ಕೂರಲೆಂದು ರಬ್ಬರ್ ಅಂಟು ಸವರಿದೆ. ಕಣ್ಣೆದುರೇ ಟೋಪಿ ಕರಗಿ ಗೊಣ್ಣೆಯಾಯಿತು. ಎರಡನೇ ಟೋಪಿಯನ್ನು ಅಂಟಿಲ್ಲದೆ ದಾರದಲ್ಲಿ ಕಟ್ಟಿದೆ.

ಕೊನೆಗೆ ಟ್ರಿಮ್ಮರ್, ಫ್ರೀಕ್ವೆನ್ಸಿಯನ್ನು ಚೂರುಚೂರೇ ಸರಿಮಾಡುವ ತಿರುಪು. ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿ ಸರಿಯಾದ ಅಂಕಿಗೆ ತಂದು, ಉಸಿರು ಬಿಗಿಹಿಡಿದು ಕೈ ತೆಗೆದೆ. 80 ಹರ್ಟ್ಸ್ ಓಡಿಹೋಯಿತು. ಮತ್ತೆ ತಂದೆ, ಮತ್ತೆ ಓಡಿತು. ಸ್ಕ್ರೂಡ್ರೈವರ್‌ನ ಕಬ್ಬಿಣವೇ ಅಷ್ಟು ಎಳೆಯುತ್ತಿತ್ತು. ಪ್ಲಾಸ್ಟಿಕ್‌ನದ್ದು ಹುಡುಕಿ ತರುವಷ್ಟರಲ್ಲಿ ಅರ್ಧ ರಾತ್ರಿ.

ಈಗ ಅರ್ಧ ಗಂಟೆಗೆ 30 ಹರ್ಟ್ಸ್ ಕೂಡ ಜಾರುವುದಿಲ್ಲ. ಆ ರಾತ್ರಿ ಎದೆಯುಬ್ಬಿಸಿ ಮೈಕ್ ಒತ್ತಿದೆ. ಹಿರಿಯರು, "ಅಬ್ಬಾ, ನೀನು ಮನುಷ್ಯನೇ ಕಣಪ್ಪಾ" ಎಂದರು.

ಗೆಳೆಯ ಮಾತ್ರ ಸುಮ್ಮನಿದ್ದ. ಆಮೇಲೆ ಬಾತುಕೋಳಿಯೊಂದು ನನ್ನ ಸ್ಪೀಕರ್‌ನಲ್ಲಿ ಕ್ವಾಕ್ ಅಂದಿತು. ಅವನದೂ ನನ್ನದೂ ಒಂದೇ ಮಾಡೆಲ್. ದಿನಾ ಒಂದೇ ಹೊತ್ತಿಗೆ ಆನ್ ಮಾಡಿ, ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಜಾರುತ್ತಿದ್ದೆವು. ಅದಕ್ಕೇ ಅಷ್ಟು ದಿನ ಸ್ಫಟಿಕ.

ಕ್ಲಾರಿಫೈಯರ್ ತಿರುಗಿಸಿ ತಿರುಗಿಸಿ ಅವನನ್ನು ಹಿಡಿದೆ. "ಅಲ್ಲಯ್ಯಾ," ಅನ್ನುತ್ತಿದ್ದ, "ಚೆನ್ನಾಗಿದ್ದ ರೇಡಿಯೋನ ಬಿಚ್ಚಿ ಕೆಡಿಸಿಬಿಟ್ಯಲ್ಲ!"