ಸದ್ಯಕ್ಕೆ ಓದ್ತಾ ಇದೀನಿ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೊದಲೆಲ್ಲ ನೀರಿನ ಟ್ಯಾಂಕರ್ ಬಂತಾ, ನನ್ನ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿದ ಪುಣ್ಯಾತ್ಮ ಯಾರು ಎಂಬ ವಿಚಾರಗಳೇ ಇರುತ್ತಿದ್ದವು. ಎರಡು ವರ್ಷದ ಹಿಂದೆ ಗುಂಪಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಎಲ್ಲರೂ ತಾವು ಓದುತ್ತಿರುವ ಪುಸ್ತಕದ ಫೋಟೊ ಹಾಕಬೇಕು. ಟ್ಯಾಂಕರ್ ವಿಷಯ ಕೇಳಿದವರಿಗೆ 'ದಯವಿಟ್ಟು ಸೋಮವಾರ ಕೇಳಿ' ಎಂಬ ಉತ್ತರ ಬರುತ್ತದೆ.

ಈ ಫೋಟೊಗೂ ಒಂದು ಶಾಸ್ತ್ರವಿದೆ. ಪುಸ್ತಕ ನೆಟ್ಟಗೆ ಇರಬಾರದು, ಸ್ವಲ್ಪ ಓರೆ. ಪಕ್ಕದಲ್ಲಿ ಹಿತ್ತಾಳೆ ಲೋಟ. ಕಾಫಿಯ ನೊರೆ ಇಳಿಯುವುದರೊಳಗೆ ಕ್ಲಿಕ್ ಆಗಬೇಕು. ಮೇಲೊಂದು ಕನ್ನಡಕ. ಸ್ವಂತದ್ದು ಇಲ್ಲದವರು ಅಪ್ಪನದ್ದು ತರಬಹುದು, ಅಪ್ಪ ಅಷ್ಟು ಹೊತ್ತು ಪೇಪರ್ ಓದದೆ ಕೂತರಾಯಿತು. ನಮ್ಮ ಮೂರನೇ ಮಹಡಿಯ ರಾಯರು ಈ ಶಾಸ್ತ್ರದಲ್ಲಿ ಘನಪಾಠಿಗಳು. ಬಾಲ್ಕನಿಗೆ ಎಳೆಬಿಸಿಲು ಬೀಳುವುದು ಏಳೂಕಾಲಕ್ಕೆ. ಏಳೂವರೆಗೆ ಅವರ ವಾರದ ಓದು ಮುಗಿದಿರುತ್ತದೆ. ಆರಿದ ಕಾಫಿಯನ್ನು ಬಿಸಿ ಮಾಡಿಸಿಕೊಂಡು ಕುಡಿಯುತ್ತಾರೆ. ಪುಸ್ತಕ ಮಾತ್ರ ಆರಿದ್ದು ಆರಿದ ಹಾಗೇ ಶೋಕೇಸಿಗೆ ಹೋಗುತ್ತದೆ.

ನಾನು ಮಾಡಲು ಕೆಲಸವಿಲ್ಲದ ಮನುಷ್ಯ. ಬಂದ ಫೋಟೊಗಳನ್ನೆಲ್ಲ ಬೆರಳಲ್ಲಿ ಹಿಗ್ಗಿಸಿ ನೋಡುತ್ತೇನೆ. ರಾಯರ ಪುಸ್ತಕದೊಳಗಿಂದ ಗುರುತಿಗೆ ಇಟ್ಟ ಬಿಎಂಟಿಸಿ ಟಿಕೆಟ್ಟಿನ ತುದಿ ಇಣುಕುತ್ತದೆ. ನವೆಂಬರಿನಲ್ಲಿ ಅದು ಎಲ್ಲಿತ್ತೋ ಮಾರ್ಚಿನಲ್ಲೂ ಅಲ್ಲೇ ಇತ್ತು. ಮೆಜೆಸ್ಟಿಕ್ಕಿನಿಂದ ಬನಶಂಕರಿವರೆಗೆ ಬಂದ ಟಿಕೆಟ್ಟು, ಪುಸ್ತಕ ಹತ್ತಿದ ಮೇಲೆ ಒಂದು ಸ್ಟಾಪೂ ಮುಂದೆ ಹೋಗಿಲ್ಲ.

ಶಾಲೆಯಲ್ಲಿ ಮೇಷ್ಟ್ರು ನಮಗೆ ಮೂರು ಕಾಲ ಕಲಿಸಿದ್ದರು. ಓದಿದೆನು, ಓದುತ್ತೇನೆ, ಓದುವೆನು. ಇದರ ಜೊತೆ ನಮ್ಮ ಗುಂಪು ನಾಲ್ಕನೆಯದೊಂದನ್ನು ಕಂಡುಹಿಡಿದಿದೆ. 'ಓದ್ತಾ ಇದೀನಿ'. ಇದು ಶುರುವಾಗುತ್ತದೆ, ಮುಗಿಯುವುದಿಲ್ಲ. ಇದರಷ್ಟು ಸುರಕ್ಷಿತವಾದ ಕಾಲ ಇನ್ನೊಂದಿಲ್ಲ. 'ಓದುತ್ತೇನೆ' ಎಂದರೆ ಯಾವಾಗ ಎನ್ನುತ್ತಾರೆ. 'ಓದಿದೆ' ಎಂದರೆ ಹೇಗಿತ್ತು ಎನ್ನುತ್ತಾರೆ. ಅದಕ್ಕೇ ನಮ್ಮವರಿಗೆ ಭೂತಕಾಲ ಎಂದರೆ ಭೂತ ಕಂಡಷ್ಟೇ ಭಯ. 'ಓದ್ತಾ ಇದೀನಿ' ಎಂದರೆ ಕೇಳಿದವರು 'ಓಹ್' ಎಂದು ಸುಮ್ಮನಾಗುತ್ತಾರೆ. ಅವರೂ ಇನ್ನೇನನ್ನೋ ಓದ್ತಾ ಇರುತ್ತಾರಲ್ಲ.

2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕಾಗಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮರುದಿನ ಬುಧವಾರ. ಆದರೂ ನಮ್ಮ ಗುಂಪಿನಲ್ಲಿ ಭಾನುವಾರವಾಗಿಬಿಟ್ಟಿತು. 'ನಾನಂತೂ ಮೊದಲಿಂದಲೂ ಓದ್ತಾ ಇದೀನಿ' ಎಂದು ಒಬ್ಬರು ಹಾಕಿದ್ದೇ ತಡ, ಹನ್ನೆರಡು ಜನ ತಾವು ಅದಕ್ಕಿಂತ ಮೊದಲಿಂದ ಎಂದರು. ಎಲ್ಲರ ಕೈಯಲ್ಲೂ ಇಂಗ್ಲಿಷ್ ಪುಸ್ತಕದ ರಕ್ಷಾಪುಟ. ಆ 12 ಕತೆಗಳು 1990ರಿಂದ 2023ರವರೆಗೆ ಬರೆದವು, ಅದೂ ಕನ್ನಡದಲ್ಲಿ, ಅದೂ ಇಲ್ಲೇ ಹಾಸನದ ಲೇಖಕಿ. ಹಾಗಾಗಿ ನಾನು ಸುಮ್ನಿರಲಾರದೆ, ಕನ್ನಡದ್ದು ಯಾರ ಹತ್ತಿರವಾದರೂ ಇದ್ದರೆ ಕೊಡಿ ಎಂದು ಕೇಳಿದೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎರಡನೇ ಮಹಡಿಯಿಂದ ಒಂದು ಸಂದೇಶ ಬಂತು. 'ಓ, ಕನ್ನಡಕ್ಕೂ ಅನುವಾದ ಆಗಿದ್ಯಾ?'

ನಮ್ಮವರನ್ನಷ್ಟೇ ಯಾಕೆ ಅನ್ನಬೇಕು. 2021ರಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಬದಲಿಗೆ ಕನ್ನಡ ಪುಸ್ತಕ ಕೊಡಿ ಎಂದಾಯಿತು. 2023ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದ ಹೊಸತರಲ್ಲಿ ಹೂವು, ಶಾಲು ಒಲ್ಲೆ, ಪ್ರೀತಿ ಇದ್ದರೆ ಪುಸ್ತಕ ಕೊಡಿ ಎಂದರು. ಒಳ್ಳೆಯ ಮಾತೇ. ಆದರೆ ನಮ್ಮಲ್ಲಿ ಉಡುಗೊರೆಗೆ ಅದರದೇ ಒಂದು ನಡೆ ಇದೆ. ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣ ಗೊತ್ತಲ್ಲ? ಹತ್ತು ಮನೆ ಸುತ್ತುತ್ತದೆ, ದರ್ಜಿಯ ಮುಖ ಮಾತ್ರ ನೋಡುವುದಿಲ್ಲ. ವೇದಿಕೆಯ ಪುಸ್ತಕದ್ದೂ ಅದೇ ಕತೆ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಅತಿಥಿಗಳಿಗೆ ಕೊಟ್ಟ ಪುಸ್ತಕ, ಮುಂದಿನ ವರ್ಷ ಬೇರೆ ಅತಿಥಿಗಳ ಕೈಯಿಂದ ನಮ್ಮ ಕಾರ್ಯದರ್ಶಿಗೇ ವಾಪಸ್ ಬಂತು. ಮೊದಲ ಪುಟದಲ್ಲಿ ಕಾರ್ಯದರ್ಶಿಯದೇ ಸಹಿ. ಹಾರವಾಗಿದ್ದರೆ ಹಸುವಾದರೂ ತಿನ್ನುತ್ತಿತ್ತು.

ಇನ್ನು ಗ್ರಂಥಾಲಯ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿಯಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಇದಕ್ಕೆ 1965ರ ಕಾಯ್ದೆಯೇ ಇದೆ. ನಮ್ಮ ಬೀದಿಯ ಗ್ರಂಥಾಲಯ ಎಲ್ಲಿದೆ ಎಂದು ಗುಂಪಿನಲ್ಲಿ ಕೇಳಿದೆ. ದರ್ಶಿನಿಯ ಹಿಂದೆ ಎಂದು ಹೇಳಿದವರು ಒಬ್ಬರೇ. ದಿನಾ ಅದರ ಕಾಂಪೌಂಡಿನ ಪಕ್ಕ ಕಾರು ನಿಲ್ಲಿಸಿ ಇಡ್ಲಿ ತಿನ್ನುವವರು.

ಹೋದ ತಿಂಗಳು ತೀರ್ಥಹಳ್ಳಿ ಕಡೆಯಿಂದ ನಮ್ಮ ಸೋದರತ್ತೆ ಬಂದು ಹದಿನೈದು ದಿನ ಇದ್ದರು. ಅವರದು ವಿಚಿತ್ರ ಚಟ. ಅಕ್ಷರ ಕಂಡರೆ ಬಿಡುವುದಿಲ್ಲ. ಅವಲಕ್ಕಿ ಕಟ್ಟಿದ ಕಾಗದವನ್ನೂ ಬಿಡಿಸಿ, ನೀವಿ, ಹರಿದ ಕಡೆ ಏನಿದ್ದಿರಬಹುದು ಎಂದು ಯೋಚನೆ ಮಾಡುತ್ತಾರೆ. 'ಏನು ಓದ್ತಿದೀರಿ ಅತ್ತೆ?' ಎಂದು ಕೇಳಿದರೆ 'ಎಂತದೂ ಇಲ್ಲ ಮಾರಾಯ, ಸುಮ್ನೆ' ಎನ್ನುತ್ತಾರೆ. ಇಂಥವರನ್ನು ನಮ್ಮ ಗುಂಪಿಗೆ ಸೇರಿಸುವಂತಿಲ್ಲ.

ಒಂದು ಸಂಜೆ ರಾಯರು ಮೇಂಟೆನೆನ್ಸ್ ಲೆಕ್ಕ ಹಿಡಿದು ನಮ್ಮ ಮನೆಗೆ ಬಂದರು. ಆ ವಾರ ಅವರು ಫೋಟೊ ಹಾಕಿದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರ ಕಾದಂಬರಿ, ಏಳುನೂರು ಪುಟ ದಾಟುತ್ತದೆ, ಫೋಟೊದಲ್ಲಿ ದಪ್ಪಗೆ ಚೆನ್ನಾಗಿ ಕಾಣುತ್ತದೆ. ನಾನು ಬಾಯಿ ತಪ್ಪಿ ಅದನ್ನು ಅತ್ತೆಗೆ ಹೇಳಿಬಿಟ್ಟೆ. ಅತ್ತೆಯ ಮುಖ ಅರಳಿತು. ತಮ್ಮೂರಿನವರು ಯಾರೋ ಸಿಕ್ಕ ಹಾಗೆ ಕುರ್ಚಿ ಹತ್ತಿರ ಎಳೆದುಕೊಂಡರು.

'ಹೌದಾ ರಾಯರೇ! ಆ ಹುಲಿಯಂದು ಓದಿ ನಂಗೆ ಎರಡು ದಿನ ಊಟ ಸೇರ್ಲಿಲ್ಲ. ನೀವು ಎಲ್ಲೀವರೆಗೆ ಬಂದ್ರಿ?'

ರಾಯರು ಲೋಟ ಕೆಳಗಿಟ್ಟರು. ಗಂಭೀರವಾದರು.

'ಅಲ್ಲೇ ಇದೀನಿ ಅಮ್ಮ. ಆದ್ರೆ ನೋಡಿ, ಹುಲಿ ಅಂದ್ಮೇಲೆ ಯಾರಾದ್ರೂ ಹೊಡೀಲೇಬೇಕಲ್ವಾ? ಆಗೆಲ್ಲ ಶಿಕಾರಿಗೆ ಈಗಿನಂತೆ ಕಾನೂನು ಇರ್ಲಿಲ್ಲ.'

ಹುಲಿಯ ಅಂದರೆ ನಾಯಿ. ಗುತ್ತಿಯ ನಾಯಿ. ಅದರಿಂದಲೇ ಅವನಿಗೆ ನಾಯಿಗುತ್ತಿ ಎಂದು ಹೆಸರು. ಕಾದಂಬರಿ ಶುರುವಾಗುವಾಗಲೇ ಅವನ ಜೊತೆ ಇರುತ್ತದೆ.

ಅತ್ತೆ ಒಂದು ಗಳಿಗೆ ರಾಯರನ್ನೇ ನೋಡಿದರು. ಮಲೆನಾಡಿನ ಮನೆಯವರು, ಬಂದವರಿಗೆ ಮುಜುಗರ ಮಾಡುವ ಪೈಕಿ ಅಲ್ಲ. 'ಹೌದು ಹೌದು, ಆಗೆಲ್ಲ ಹುಲಿ ಜಾಸ್ತಿ' ಎಂದು ಇನ್ನೆರಡು ಕೋಡುಬಳೆ ತಟ್ಟೆಗೆ ಹಾಕಿದರು.

ರಾಯರು ಲಿಫ್ಟಿನವರೆಗೆ ಹೋಗಲಿ ಎಂದು ಕಾದು, ಬಾಗಿಲು ಹಾಕಿ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ. ನನ್ನ ಶೆಲ್ಫಿನಲ್ಲಿದ್ದ ಅದೇ ಪುಸ್ತಕ ತೆಗೆದು, ಸೆರಗಿನಲ್ಲಿ ಧೂಳು ಒರೆಸಿ, ಒಳಗಿದ್ದ ಗುರುತಿನ ಚೀಟಿ ಹೊರಗೆಳೆದರು. 2016ರ ಮದುವೆಯೊಂದರ ಕರೆಯೋಲೆ. ಹದಿನೆಂಟನೇ ಪುಟದಲ್ಲಿತ್ತು.

'ನೀನು ಎಲ್ಲೀವರೆಗೆ ಬಂದ್ಯೋ?'

'ಓದ್ತಾ ಇದೀನಿ ಅತ್ತೆ' ಎಂದು, ಹಾಲು ಉಕ್ಕಿತೇನೋ ನೋಡಲು ಅಡುಗೆಮನೆಗೆ ಹೋದೆ. ಒಲೆ ಹಚ್ಚಿರಲೇ ಇಲ್ಲ.